ಒಂದು ಹೊಲಿಗೆಯ ಲೆಕ್ಕ

ಬೆರಳ ತುದಿಯಲ್ಲಿ ಸೂಜಿಮೊನೆಯಷ್ಟು ಒಂದು ತೂತು. ರಕ್ತ ಎಂದು ಹೇಳಿಕೊಳ್ಳುವಷ್ಟೂ ಬಂದಿಲ್ಲ. ಗೋದಾಮಿನ ರಾತ್ರಿ ಪಾಳಿಯ ಮೆಕ್ಯಾನಿಕ್ಕು, ಫೋರ್ಕ್‌ಲಿಫ್ಟಿಗೆ ಗ್ರೀಸ್ ಹಾಕುವಾಗ ಗನ್ನಿನ ಮೂತಿ ತಾಗಿತು ಅನ್ನುತ್ತಾನೆ. ನೋವಿಲ್ಲ, ಬೆರಳು ಚೂರು ಬಿಗಿದ ಹಾಗಿದೆ, ಅಷ್ಟೇ. ಸೂಪರ್‌ವೈಸರ್ ನಿಯಮಕ್ಕೆ ಹೆದರಿ ಫೋನ್ ಮಾಡಿಸಿದ್ದಾನೆ. ಇಲ್ಲದಿದ್ದರೆ ಇವನು ಕೈ ಒರೆಸಿಕೊಂಡು ಕೆಲಸಕ್ಕೆ ಹೋಗುವವನೇ. ನೂರಾರು ಮೈಲಿ ಆಚೆ, ತನ್ನ ಮನೆಯ ಕೋಣೆಯಲ್ಲಿ ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಕೂತ ನರ್ಸು ಕೇಳುತ್ತಾಳೆ: ಗನ್ನಿನಲ್ಲಿ ಒತ್ತಡ ಇತ್ತಾ? ಇತ್ತು ಅನ್ನುತ್ತಾನೆ. ಅಲ್ಲಿಗೆ ಉಳಿದ ಪ್ರಶ್ನೆಗಳೆಲ್ಲ ಪಕ್ಕಕ್ಕೆ. ಈಗಲೇ ಹೊರಡಿ, ಕೈಯ ಸರ್ಜನ್ ಇರುವ ಆಸ್ಪತ್ರೆಗೇ ಹೋಗಿ, ದಾರಿಯಲ್ಲಿ ಏನೂ ತಿನ್ನಬೇಡಿ, ಗನ್ನಿನಲ್ಲಿದ್ದ ಗ್ರೀಸ್ ಯಾವುದು ಅಂತ ಡಬ್ಬದ ಮೇಲಿನ ಚೀಟಿಯ ಫೋಟೊ ತೆಗೆದುಕೊಂಡು ಹೋಗಿ.

ಗ್ರೀಸ್ ಗನ್ನು, ಪೇಂಟ್ ಸ್ಪ್ರೇ, ಹೈಡ್ರಾಲಿಕ್ ಪೈಪು, ಇವುಗಳಲ್ಲಿ ಚದರ ಇಂಚಿಗೆ ಸಾವಿರಾರು ಪೌಂಡ್ ಒತ್ತಡ ಇರುತ್ತದೆ. ಚರ್ಮ ತೂರಿ ಒಳಹೊಕ್ಕ ಗ್ರೀಸು ಬೆರಳಿನ ನರಗಳ ಗುಂಟ ಅಂಗೈಯವರೆಗೆ ಹರಿದಿರಬಹುದು. ಮೊದಲ ಕೆಲವು ಗಂಟೆ ಏನೂ ಅನಿಸುವುದಿಲ್ಲ. ಬೆಳಗಾಗುವಷ್ಟರಲ್ಲಿ ಕೈ ಊದಿ ಬಣ್ಣ ತಿರುಗಿರುತ್ತದೆ. ಇಂಥ ಗಾಯಗಳಲ್ಲಿ ಬೆರಳನ್ನೋ ಅದರ ಒಂದು ಗಿಣ್ಣನ್ನೋ ತೆಗೆಯಬೇಕಾಗಿ ಬಂದ ಪ್ರಮಾಣ ವೈದ್ಯಸಾಹಿತ್ಯದಲ್ಲಿ ಹತ್ತಕ್ಕೆ ಮೂರರ ಸುಮಾರಿಗಿದೆ. ಕಣ್ಣಿಗೆ ಕಂಡರೆ ಮೋಸ ಮಾಡುವ ಗಾಯ ಇದು. ನೋಡಿದ ಸೂಪರ್‌ವೈಸರ್ ಅದನ್ನು ಮುಳ್ಳು ಚುಚ್ಚಿದ್ದು ಅಂದುಕೊಂಡ. ನೋಡದೆ ಇದ್ದವಳು ಕೇಳಿ ಹಿಡಿದಳು.

ಫೋನಿನಲ್ಲಿ ಕೂರುವ ಈ ಕೆಲಸಕ್ಕೆ ಹೊಸದಾಗಿ ಸೇರಿದ ನರ್ಸುಗಳಿಗೆ ಮೊದಲ ವಾರ ಹೇಳಿಕೊಡುವ ಪಾಠವಂತೆ ಇದು. ನನಗೆ ಹೇಳಿದವಳು ನಮ್ಮ ದೊಡ್ಡಪ್ಪನ ಮಗಳು. ಮಂಗಳೂರಿನಲ್ಲಿ ನರ್ಸಿಂಗ್ ಓದಿದವಳು, ಕೊಲ್ಲಿಯಲ್ಲಿ ಕೆಲವು ವರ್ಷ ಇದ್ದು ಆಮೇಲೆ ಟೆಕ್ಸಾಸ್ ಸೇರಿದಳು. ಎಮರ್ಜೆನ್ಸಿ ವಾರ್ಡಿನಲ್ಲಿ ನಿಂತೂ ನಿಂತೂ ಸೊಂಟ ಕೈಕೊಟ್ಟ ಮೇಲೆ ಈ ಕೂತು ಮಾಡುವ ಕೆಲಸ ಹಿಡಿದಳು. "ಈಗ ಕಣ್ಣು ಕಟ್ಟಿಕೊಂಡು ಡ್ಯೂಟಿ ಮಾಡೋದು ಅಣ್ಣಾ," ಅಂದಿದ್ದಳು ಒಮ್ಮೆ ಊರಿಗೆ ಬಂದಾಗ. ಕೆಲಸದ ಜಾಗದಲ್ಲಿ ಯಾರಿಗಾದರೂ ಪೆಟ್ಟಾದರೆ ಗೋಡೆಗೆ ಅಂಟಿಸಿದ ಒಂದು ನಂಬರಿಗೆ ಫೋನ್ ಮಾಡಬೇಕು. ಹಗಲಾಗಲಿ ರಾತ್ರಿಯಾಗಲಿ ಅತ್ತಲಿಂದ ಒಬ್ಬ ನೋಂದಾಯಿತ ನರ್ಸು ಸಿಗುತ್ತಾಳೆ. ಪೆಟ್ಟಾದವನಿಗೆ ಪ್ರಶ್ನೆ ಕೇಳಿ, ಆಂಬುಲೆನ್ಸೋ, ತುರ್ತು ವಿಭಾಗವೋ, ಇವತ್ತೇ ಕ್ಲಿನಿಕ್ಕಿಗೋ, ಇಲ್ಲ ಅಲ್ಲೇ ತೊಳೆದು ಪಟ್ಟಿ ಕಟ್ಟಿದರೆ ಸಾಕೋ ಎಂದು ಹೇಳುತ್ತಾಳೆ. ಆ ಹೊತ್ತಿನ ವರದಿ ಒಂದು ಕಂಪನಿಗೂ ಒಂದು ವಿಮೆಯವರಿಗೂ ಹೋಗುತ್ತದೆ. ಅಮೆರಿಕದಲ್ಲಿ ಇದೀಗ ದೊಡ್ಡ ವ್ಯಾಪಾರ. ಅವರು ಇದನ್ನು ನರ್ಸ್ ಟ್ರಯಾಜ್ ಅನ್ನುತ್ತಾರೆ.

ಟ್ರಯಾಜ್ ಅಂದರೆ ಫ್ರೆಂಚಿನಲ್ಲಿ ಆರಿಸುವುದು, ಬೇರ್ಪಡಿಸುವುದು. ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಡೊಮಿನಿಕ್ ಜಾನ್ ಲಾರೆ, ಅಧಿಕಾರಿಯೋ ಸಿಪಾಯಿಯೋ ನೋಡದೆ ಯಾರ ಗಾಯ ಜೋರೋ ಅವರನ್ನು ಮೊದಲು ನೋಡಬೇಕು ಎಂಬ ಪದ್ಧತಿ ತಂದವನೆಂದು ಹೆಸರಾದ. ಆದರೆ ಪದ ಅದಕ್ಕೂ ಹಳೆಯದು, ಉಣ್ಣೆ ಬೇರ್ಪಡಿಸುವವರದು. ಕಾಫಿ ವ್ಯಾಪಾರದಲ್ಲಿ ಆರಿಸಿ ಪಕ್ಕಕ್ಕಿಟ್ಟ ಒಡಕು ಬೀಜಕ್ಕೂ ಇದೇ ಹೆಸರಿತ್ತು. ಚಿಕ್ಕಮಗಳೂರು, ಹಾಸನದ ಕಡೆ ಕ್ಯೂರಿಂಗ್ ವರ್ಕ್ಸ್ ಒಳಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಲಾಗಿ ಕೂತ ಹೆಂಗಸರು ಮಾತಾಡುತ್ತ ಮಾತಾಡುತ್ತಲೇ ಕಪ್ಪು ಬೀಜ, ಒಡಕು ಬೀಜ ಎತ್ತಿ ಬಿಸಾಡುತ್ತಿರುತ್ತಾರೆ. ಗಾರ್ಬಲಿಂಗ್ ಅನ್ನುತ್ತಾರೆ ಅದಕ್ಕೆ. ಬೀಜಕ್ಕೆ ಯಾವ ರೋಗ ಬಂದಿದೆ ಎನ್ನುವುದು ಅವರ ಕೆಲಸವಲ್ಲ. ಇದು ಯಾವ ರಾಶಿಗೆ ಎನ್ನುವುದಷ್ಟೇ ಅವರ ಕೆಲಸ. ಫೋನಿನ ನರ್ಸಿನದೂ ಹಾಗೇ. ಮೂಳೆ ಮುರಿದಿದೆಯೇ ಎಂದು ಅವಳು ಹೇಳುವುದಿಲ್ಲ, ಹೇಳಕೂಡದು. ಈ ಕೈ ಎಷ್ಟು ಹೊತ್ತು ಕಾಯಬಹುದು ಎಂದು ಹೇಳುತ್ತಾಳೆ.

ಅದಕ್ಕೊಂದು ಕ್ರಮ ಇದೆ. ಡೆನ್ವರಿನ ಮಕ್ಕಳ ವೈದ್ಯ ಬಾರ್ಟನ್ ಶ್ಮಿಟ್ ಮಕ್ಕಳಿಗಾಗಿ, ಡೇವಿಡ್ ಥಾಂಪ್ಸನ್ ದೊಡ್ಡವರಿಗಾಗಿ ಬರೆದ ಪ್ರಶ್ನಾವಳಿಗಳು ಅಲ್ಲಿನ ಬಹುಪಾಲು ಫೋನ್ ನರ್ಸುಗಳ ಪರದೆಯ ಮೇಲಿವೆ. ತಲೆಗೆ ಪೆಟ್ಟು, ಬೆನ್ನು ನೋವು, ಕಣ್ಣಿಗೆ ರಾಸಾಯನಿಕ, ಒಂದೊಂದಕ್ಕೂ ಬೇರೆ ಬೇರೆ ಪಟ್ಟಿ. ಎಲ್ಲ ಪಟ್ಟಿಯಲ್ಲೂ ಜೀವಕ್ಕೆ ಕುತ್ತಾಗುವ ಪ್ರಶ್ನೆ ಮೇಲೆ, ಉಳಿದದ್ದು ಕೆಳಗೆ. ಉಸಿರಾಟ ಸರಿ ಇದೆಯಾ, ರಕ್ತ ಚಿಮ್ಮುತ್ತಿದೆಯಾ, ಪ್ರಜ್ಞೆ ತಪ್ಪಿತ್ತಾ. ಯಾವ ಪ್ರಶ್ನೆಗೆ ಹೌದು ಬರುತ್ತದೋ ಅಲ್ಲಿಗೆ ನಿಂತು ಕಳಿಸಬೇಕು. ಸಂಶಯ ಬಂದರೆ ಒಂದು ಮೆಟ್ಟಿಲು ಮೇಲಕ್ಕೆ ಕಳಿಸಲು ನರ್ಸಿಗೆ ಸ್ವಾತಂತ್ರ್ಯ ಉಂಟು. ಪಟ್ಟಿ ಹೇಳಿದ್ದಕ್ಕಿಂತ ಕೆಳಕ್ಕೆ ಇಳಿಸುವಾಗ ಮಾತ್ರ ಕಾರಣ ಬರೆಯಬೇಕು, ಮೇಲಿನವರನ್ನು ಕೇಳಬೇಕು.

ಕೆಲವು ಪ್ರಶ್ನೆಗಳನ್ನು ಕೇಳಿದರೆ ನಮಗೆ ತಲೆಬುಡ ಹತ್ತುವುದಿಲ್ಲ. ಮೂಟೆ ಎತ್ತುವಾಗ ಸೊಂಟ ಹಿಡಿದುಕೊಂಡವನಿಗೆ, ಉಚ್ಚೆ ಸರಿಯಾಗಿ ಹೋಗುತ್ತಿದೆಯಾ, ಕೂರುವ ಜಾಗದಲ್ಲಿ ಸ್ಪರ್ಶ ಗೊತ್ತಾಗುತ್ತಿದೆಯಾ ಎಂದು ಕೇಳುತ್ತಾರೆ. ಬೆನ್ನಿಗೂ ಇದಕ್ಕೂ ಏನು ಸಂಬಂಧ ಎಂದು ಅವನಿಗೆ ನಾಚಿಕೆ. ಸಂಬಂಧ ಇದೆ: ಬೆನ್ನುಹುರಿಯ ಕೊನೆಯ ನರಗಳ ಕಂತೆ ಒತ್ತಿಹೋಗಿದ್ದರೆ ಕೆಲವೇ ಗಂಟೆಗಳೊಳಗೆ ಆಪರೇಷನ್ ಆಗಬೇಕು. ಕಣ್ಣಿಗೆ ಲೋಹದ ಚೂರು ಬಿದ್ದವನಿಗೆ, ಗ್ರೈಂಡಿಂಗ್ ಮಾಡುತ್ತಿದ್ದೆಯಾ ಸುತ್ತಿಗೆಯಲ್ಲಿ ಉಳಿ ಬಡಿಯುತ್ತಿದ್ದೆಯಾ ಎಂಬ ಪ್ರಶ್ನೆ. ಕಬ್ಬಿಣಕ್ಕೆ ಕಬ್ಬಿಣ ಬಡಿದಾಗ ಸಿಡಿದ ಚೂರು ಗುಡ್ಡೆಯೊಳಗೇ ಹೊಕ್ಕಿರಬಹುದು. ಆಗ ಕಣ್ಣು ಒತ್ತಕೂಡದು, ಉಜ್ಜಕೂಡದು, ಮುಚ್ಚಿ ಕಳಿಸಬೇಕು. ಕೈಗೆ ಹಸಿ ಸಿಮೆಂಟ್ ಮೆತ್ತಿಕೊಂಡು ಇಡೀ ದಿನ ಕೆಲಸ ಮಾಡಿದವನಿಗೆ ಸಂಜೆಯವರೆಗೆ ಉರಿಯೇ ಇರುವುದಿಲ್ಲ. ಸುಣ್ಣದಂಥ ಕ್ಷಾರ, ಆಸಿಡ್ಡಿಗಿಂತ ಆಳಕ್ಕೆ ಇಳಿಯುತ್ತದೆ, ಸದ್ದಿಲ್ಲದೆ. ನೋವು ಜೋರಿದ್ದರೆ ಗಾಯ ಜೋರು ಎಂದು ನಾವೆಲ್ಲ ನಂಬಿಕೊಂಡಿರುವ ಲೆಕ್ಕ ಈ ಕೆಲಸದಲ್ಲಿ ದಿನಕ್ಕೆ ಹತ್ತು ಸಲ ಸುಳ್ಳಾಗುತ್ತದೆ.

ಅಂದಹಾಗೆ, ಟೆಲಿಫೋನು ಹುಟ್ಟಿದ್ದೇ ಕೆಲಸದ ಜಾಗದ ಒಂದು ಗಾಯದಿಂದ ಎಂಬ ಕತೆ ಇದೆ. 1876ರ ಮಾರ್ಚ್ 10ರಂದು ಬಾಸ್ಟನ್ನಿನಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಪಕ್ಕದ ಕೋಣೆಯ ಸಹಾಯಕ ವಾಟ್ಸನ್‌ನನ್ನು ತಂತಿಯಲ್ಲಿ ಕರೆದದ್ದು ಬಟ್ಟೆಯ ಮೇಲೆ ಆಸಿಡ್ ಚೆಲ್ಲಿಕೊಂಡಿದ್ದಕ್ಕೆ ಅಂತ. ವಾಟ್ಸನ್ ಅದನ್ನು ಬರೆದದ್ದು ಅರ್ಧ ಶತಮಾನದ ಮೇಲೆ. ಬೆಲ್‌ನ ಅಂದಿನ ನೋಟ್‌ಬುಕ್ಕಿನಲ್ಲಿ ಆಸಿಡ್ಡಿನ ಸುದ್ದಿಯೇ ಇಲ್ಲ. ಕತೆ ಚೆನ್ನಾಗಿದೆ, ಬಿಡಿ. ಮೂರೇ ವರ್ಷದಲ್ಲಿ, 1879ರಲ್ಲಿ, ಮಗುವಿನ ಕೆಮ್ಮನ್ನು ಫೋನಿನಲ್ಲಿ ಕೇಳಿ ಭಯವಿಲ್ಲ ಎಂದು ಹೇಳಿದ ವೈದ್ಯನ ಸಂಗತಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಬ್ರಿಟನ್ನು 1998ರಲ್ಲಿ ನರ್ಸುಗಳನ್ನೇ ಕೂರಿಸಿ ಎನ್‌ಎಚ್‌ಎಸ್ ಡೈರೆಕ್ಟ್ ಶುರುಮಾಡಿತು, 2014ರಲ್ಲಿ ಮುಚ್ಚಿ, ಫೋನ್ ಎತ್ತಲು ನರ್ಸುಗಳ ಬದಲು ಹೆಚ್ಚಾಗಿ ತರಬೇತಿ ಪಡೆದ ಸಾಮಾನ್ಯ ಸಿಬ್ಬಂದಿಯನ್ನು ಕೂರಿಸಿದ 111ಕ್ಕೆ ಹೊರಳಿತು. ಅದು ಊರಿಗೆಲ್ಲ ಒಂದೇ ನಂಬರು, ದುಡ್ಡು ಸರಕಾರದ್ದು. ಅಮೆರಿಕದ ಕಾರ್ಖಾನೆಯ ಗೋಡೆಯ ನಂಬರಿಗೆ ದುಡ್ಡು ಕೊಡುವವನು ಮಾಲೀಕ, ಇಲ್ಲವೇ ಅವನ ವಿಮಾ ಕಂಪನಿ. ಈ ಅಂಕಣ ಬರೆಯಲು ಕೂತದ್ದು ಈ ಒಂದು ವ್ಯತ್ಯಾಸಕ್ಕಾಗಿ.

ಮಾಲೀಕ ಯಾಕೆ ಕೊಡುತ್ತಾನೆ? ಅಲ್ಲಿ ಕಾರ್ಮಿಕ ಪರಿಹಾರ ವಿಮೆ ಎಂಬುದೊಂದಿದೆ. 1911ರಲ್ಲಿ ವಿಸ್ಕಾನ್ಸಿನ್ ರಾಜ್ಯದಿಂದ ಗಟ್ಟಿಯಾಗಿ ನೆಲೆಯೂರಿತು. ಅದೇ ವರ್ಷದ ಮಾರ್ಚಿನಲ್ಲಿ ನ್ಯೂಯಾರ್ಕಿನ ಟ್ರಯಾಂಗಲ್ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿದ್ದು 146 ಮಂದಿ ಸತ್ತಿದ್ದರು. ಕೊನೆಗೆ ಸೇರಿದ ಮಿಸಿಸಿಪ್ಪಿ ಬಂದದ್ದು 1948ಕ್ಕೆ. ಒಪ್ಪಂದ ಇಷ್ಟೇ: ಪೆಟ್ಟಾದವನು ಯಾರ ತಪ್ಪು ಎಂದು ರುಜುವಾತು ಮಾಡಬೇಕಿಲ್ಲ, ಚಿಕಿತ್ಸೆಯೂ ಸಂಬಳದ ಒಂದು ಪಾಲೂ ಸಿಗುತ್ತದೆ, ಬದಲಿಗೆ ಅವನು ಮಾಲೀಕನನ್ನು ಕೋರ್ಟಿಗೆ ಎಳೆಯುವಂತಿಲ್ಲ. ನನ್ನ ತಂಗಿ ಇರುವ ಟೆಕ್ಸಾಸಿನಲ್ಲಿ ಮಾತ್ರ ಖಾಸಗಿ ಮಾಲೀಕನಿಗೆ ಈ ವಿಮೆ ಮಾಡಿಸಲೇಬೇಕೆಂಬ ಕಡ್ಡಾಯವಿಲ್ಲ. ಟೆಕ್ಸಾಸಿನವರ ಹಟ ಬೇರೆ.

ವಿಮೆಯ ಕಂತು ಎಲ್ಲರಿಗೂ ಒಂದೇ ಅಲ್ಲ. ಹಿಂದಿನ ವರ್ಷಗಳಲ್ಲಿ ಎಷ್ಟು ಗಾಯ, ಎಷ್ಟು ಖರ್ಚು ಎಂದು ನೋಡಿ ಕಂತನ್ನು ಒಂದು ಅಂಕಿಯಿಂದ ಗುಣಿಸುತ್ತಾರೆ. ಸರಾಸರಿ ಕಂಪನಿಗೆ ಆ ಅಂಕಿ 1. ಗಾಯ ಹೆಚ್ಚಿದ್ದರೆ ಮೇಲೆ, ಕಡಿಮೆಯಿದ್ದರೆ ಕೆಳಗೆ. ರಜೆ ಹಾಕುವಂಥ ಗಾಯಕ್ಕೆ ಪೂರ್ತಿ ಖರ್ಚು ಲೆಕ್ಕಕ್ಕೆ ಬರುತ್ತದೆ. ಬರೀ ಔಷಧಿಯಲ್ಲಿ ಮುಗಿದ ಗಾಯವಾದರೆ ಬಹಳ ರಾಜ್ಯಗಳಲ್ಲಿ ಖರ್ಚಿನ ಶೇ 70ರಷ್ಟನ್ನು ಕಳೆದು ಉಳಿದದ್ದನ್ನಷ್ಟೇ ಹಿಡಿಯುತ್ತಾರೆ. ಹೀಗಾಗಿ ಒಬ್ಬ ಮನುಷ್ಯ ನಾಳೆ ಕೆಲಸಕ್ಕೆ ಬರುತ್ತಾನೋ ಇಲ್ಲವೋ ಎಂಬುದು ಮೂರು ವರ್ಷ ಕಂಪನಿಯ ಕಂತಿನಲ್ಲಿ ಕೂತಿರುತ್ತದೆ.

ಇದರ ಪಕ್ಕದಲ್ಲೇ ಇನ್ನೊಂದು ಪುಸ್ತಕ. 1970ರ ಕಾಯ್ದೆಯಿಂದ ಹುಟ್ಟಿದ ಓಶಾ ಎಂಬ ಸರಕಾರಿ ಸಂಸ್ಥೆ ಗಾಯಗಳನ್ನು ದಾಖಲಿಸಬೇಕು ಎನ್ನುತ್ತದೆ. ಆದರೆ ಪ್ರಥಮ ಚಿಕಿತ್ಸೆಯಲ್ಲಿ ಮುಗಿದದ್ದನ್ನು ಬರೆಯಬೇಕಿಲ್ಲ. ಪ್ರಥಮ ಚಿಕಿತ್ಸೆ ಅಂದರೆ ಯಾವುದು ಎಂದು ನಿಯಮದಲ್ಲೇ ಒಂದು ಪಟ್ಟಿ ಇದೆ, ಓದಿದರೆ ಮಜವಾಗಿದೆ. ಸೀಳಿದ ಚರ್ಮವನ್ನು ಅಂಟುಪಟ್ಟಿಯಿಂದ ಎಳೆದು ಕೂಡಿಸಿದರೆ ಪ್ರಥಮ ಚಿಕಿತ್ಸೆ. ಅದೇ ಸೀಳಿಗೆ ಒಂದೇ ಒಂದು ಹೊಲಿಗೆ ಹಾಕಿದರೆ, ಅಥವಾ ಡಾಕ್ಟರು ಗಾಯದ ಗೋಂದು ಹಚ್ಚಿದರೆ, ಅದು ಚಿಕಿತ್ಸೆ, ದಾಖಲೆಗೆ ಹೋಗಬೇಕು. ಎಲಾಸ್ಟಿಕ್ ಪಟ್ಟಿ ಸುತ್ತಿದರೆ ಸರಿ; ಪಟ್ಟಿಯೊಳಗೆ ಗಟ್ಟಿ ಕಡ್ಡಿ ಇದ್ದರೆ ದಾಖಲೆ. ಐಬುಪ್ರೊಫೆನ್ ಮಾತ್ರೆ ಒಂದು ಸಲಕ್ಕೆ 467 ಮಿಲಿಗ್ರಾಂ ದಾಟಿ ತೆಗೆದುಕೊಳ್ಳಲು ಹೇಳಿದರೆ ದಾಖಲೆ. ಟಿ.ಟಿ. ಇಂಜೆಕ್ಷನ್ ಪ್ರಥಮ ಚಿಕಿತ್ಸೆಯೇ. ಉಗುರಿನ ಕೆಳಗೆ ರಕ್ತ ಹೆಪ್ಪುಗಟ್ಟಿದಾಗ ಉಗುರಿಗೆ ತೂತು ಹಾಕಿ ಬಿಡುವುದೂ ಪ್ರಥಮ ಚಿಕಿತ್ಸೆ. ಮಾಡಿದವರು ಡಾಕ್ಟರೋ ಪಕ್ಕದ ಮೆಶಿನ್ನಿನವನೋ ಎಂಬುದು ಲೆಕ್ಕಕ್ಕಿಲ್ಲ.

ದಾಖಲಾದ ಗಾಯಗಳನ್ನು ಎರಡು ಲಕ್ಷದಿಂದ ಗುಣಿಸಿ, ಎಲ್ಲರೂ ಸೇರಿ ದುಡಿದ ಗಂಟೆಗಳಿಂದ ಭಾಗಿಸುತ್ತಾರೆ. ನೂರು ಜನ ವಾರಕ್ಕೆ 40 ಗಂಟೆಯಂತೆ ವರ್ಷಕ್ಕೆ 50 ವಾರ ದುಡಿದರೆ ಎರಡು ಲಕ್ಷ ಗಂಟೆ. ಅಲ್ಲಿಂದ ಬಂದ ಅಂಕಿ ಅದು. ಹೀಗೆ ಸಿಗುವ ದರ ಜಾಸ್ತಿಯಿದ್ದರೆ ದೊಡ್ಡ ಕಂಪನಿಗಳು ಗುತ್ತಿಗೆ ಕೊಡುವುದಿಲ್ಲ. ಮ್ಯಾನೇಜರನ ಬೋನಸ್ಸೂ ಕೆಲವು ಕಡೆ ಇದಕ್ಕೇ ಗಂಟುಬಿದ್ದಿದೆ. ಈಗ ಯೋಚಿಸಿ: ಕೈ ಸೀಳಿಕೊಂಡವನೊಬ್ಬ ಫೋನಿನಲ್ಲಿದ್ದಾನೆ. ಕ್ಲಿನಿಕ್ಕಿಗೆ ಹೋದರೆ ಡಾಕ್ಟರು ಅಭ್ಯಾಸಬಲದಿಂದ ಎರಡು ಹೊಲಿಗೆ ಹಾಕಿ, ದೊಡ್ಡ ಮಾತ್ರೆ ಬರೆದು, ಮೂರು ದಿನ ರೆಸ್ಟ್ ಅನ್ನುತ್ತಾರೆ. ಅಂಟುಪಟ್ಟಿ ಸಾಕು ಎಂದು ನರ್ಸು ಹೇಳಿದರೆ ಪುಸ್ತಕ ಖಾಲಿ. ಈ ಸೇವೆ ಮಾರುವವರ ಜಾಹೀರಾತುಗಳಲ್ಲಿ ದಾಖಲೆ ಕಡಿಮೆಯಾಗುತ್ತದೆ, ಕ್ಲೇಮು ಕಡಿಮೆಯಾಗುತ್ತದೆ ಎಂಬ ಮಾತು ಗಾಯಾಳು ಬೇಗ ಗುಣವಾಗುತ್ತಾನೆ ಎಂಬ ಮಾತಿಗಿಂತ ದೊಡ್ಡ ಅಕ್ಷರದಲ್ಲಿರುವುದು ಸುಮ್ಮನೆ ಅಲ್ಲ.

ಇದನ್ನು ಹೇಳಿದಾಗ ನನ್ನ ತಂಗಿಗೆ ಕೋಪ ಬಂತು. "ನಾನು ಯಾರ ಪುಸ್ತಕಾನೂ ನೋಡೋದಿಲ್ಲ ಅಣ್ಣಾ. ನನ್ನ ಲೈಸೆನ್ಸ್ ನನ್ನ ಹೆಸರಲ್ಲಿದೆ." ಮಾತು ನಿಜ. ಅಲ್ಲಿ ನರ್ಸಿನ ಪರವಾನಗಿ ರಾಜ್ಯ ರಾಜ್ಯಕ್ಕೆ ಬೇರೆ. ನಲವತ್ತು ಚಿಲ್ಲರೆ ರಾಜ್ಯಗಳು ಕೂಡಿ ಮಾಡಿಕೊಂಡ ಒಪ್ಪಂದದಲ್ಲಿ ಟೆಕ್ಸಾಸ್ ಇದೆ, ಕ್ಯಾಲಿಫೋರ್ನಿಯಾ ಇಲ್ಲ. ಹಾಗಾಗಿ ಕರೆ ಮಾಡಿದವನು ಯಾವ ರಾಜ್ಯದಲ್ಲಿ ನಿಂತಿದ್ದಾನೆ ಎನ್ನುವುದೇ ಅವಳ ಮೊದಲ ಪ್ರಶ್ನೆ. ತಪ್ಪು ಸಲಹೆ ಕೊಟ್ಟು ಯಾರದ್ದಾದರೂ ಬೆರಳು ಹೋದರೆ ಮಂಡಳಿಯ ಮುಂದೆ ನಿಲ್ಲಬೇಕಾದವಳು ಅವಳೇ, ಕಂಪನಿಯ ಲೆಕ್ಕಿಗನಲ್ಲ. ಕರೆಗಳೆಲ್ಲ ರೆಕಾರ್ಡ್ ಆಗುತ್ತವೆ ಬೇರೆ. ಇನ್ನೊಂದು ಮಾತನ್ನೂ ಅವಳು ಸೇರಿಸಿದಳು: ಚಿಕ್ಕ ಗಾಯಕ್ಕೆಲ್ಲ ತುರ್ತು ವಿಭಾಗಕ್ಕೆ ಓಡಿ ಆರು ಗಂಟೆ ಕಾದು ಎಕ್ಸ್‌ರೇ ತೆಗೆಸಿಕೊಂಡು ಬರುವುದೂ ಗಾಯಾಳುವಿಗೆ ಉಪಕಾರವೇನಲ್ಲ. ನಾನು ಒಪ್ಪಿದೆ. ಒಪ್ಪದಿದ್ದರೆ ಊಟ ಬಡಿಸುವ ಹಾಗಿರಲಿಲ್ಲ.

ಆದರೂ ನನ್ನ ಗುಮಾನಿ ಪೂರ್ತಿ ಹೋಗಿಲ್ಲ, ಅದಕ್ಕೆ ಆಧಾರವೂ ಇದೆ. 2014ರಲ್ಲಿ ಅಲಬಾಮಾ ರಾಜ್ಯದ ಒಂದು ಕೋಳಿಮಾಂಸದ ಕಾರ್ಖಾನೆಗೆ ಓಶಾ ದಂಡ ಹಾಕಿತು. ಕೋಳಿ ಕತ್ತರಿಸಿ ಕತ್ತರಿಸಿ ಮಣಿಕಟ್ಟು ಹಿಡಿದುಕೊಂಡವರನ್ನು ಡಾಕ್ಟರ ಬಳಿ ಕಳಿಸದೆ ಕಾರ್ಖಾನೆಯ ನರ್ಸಿನ ಬಳಿಗೇ ಮತ್ತೆ ಮತ್ತೆ ಅಟ್ಟುತ್ತಿದ್ದರು. ಒಬ್ಬರಂತೂ 90ಕ್ಕೂ ಹೆಚ್ಚು ಸಲ ನರ್ಸಿನ ಕೋಣೆಗೆ ಹೋಗಿಬಂದ ಮೇಲೆ ಡಾಕ್ಟರ ಮುಖ ನೋಡಿದ್ದು. ಅದು ಫೋನಿನ ನರ್ಸಲ್ಲ, ಕಾರ್ಖಾನೆಯೊಳಗೇ ಇದ್ದ ನರ್ಸು. ತೊಂಬತ್ತು ಸಲವೂ ಐಸು, ಪಟ್ಟಿ, ಚಿಕ್ಕ ಮಾತ್ರೆ ಎಂದಿಟ್ಟುಕೊಳ್ಳಿ. ಒಂದೊಂದಾಗಿ ನೋಡಿದರೆ ಎಲ್ಲವೂ ಪಟ್ಟಿಯಲ್ಲಿರುವ ಪ್ರಥಮ ಚಿಕಿತ್ಸೆಗಳೇ. ಬಾಗಿಲು ಕಾಯಲು ಕೂರಿಸಿದವರು ಬಾಗಿಲನ್ನೇ ಹಾಕಿಕೊಂಡರೆ ಹೀಗೆ. ಒಳ್ಳೆಯ ಸೇವೆಯವರು ಅದಕ್ಕೇ ಪ್ರತಿ ಕರೆಯ ಕೊನೆಗೆ ಒಂದು ವಾಕ್ಯ ಕಡ್ಡಾಯ ಮಾಡಿರುತ್ತಾರೆ: ನಾನು ಏನೇ ಹೇಳಿದರೂ ನಿಮಗೆ ಡಾಕ್ಟರನ್ನು ನೋಡಬೇಕೆನಿಸಿದರೆ ನೋಡುವ ಹಕ್ಕು ನಿಮಗಿದೆ. ಆ ವಾಕ್ಯವನ್ನು ಎಷ್ಟು ವೇಗವಾಗಿ ಓದುತ್ತಾರೆ ಎನ್ನುವುದರ ಮೇಲೆ ಆ ಸೇವೆ ಎಂಥದ್ದು ಎಂದು ಹೇಳಬಹುದು ಅಂತ ನನಗನಿಸುತ್ತದೆ.

ಫೋನಿನ ಪಕ್ಕದಲ್ಲಿ ನಿಂತವನದ್ದು ಇನ್ನೊಂದು ತಾಪತ್ರಯ. ಕರೆ ಮಾಡಿಸುವವನು ಸೂಪರ್‌ವೈಸರ್. ಸ್ಪೀಕರ್ ಹಾಕಿ ಪಕ್ಕದಲ್ಲೇ ನಿಂತಿರುತ್ತಾನೆ. ನರ್ಸು ಕೇಳುವುದೋ, ಸಕ್ಕರೆ ಕಾಯಿಲೆ ಇದೆಯಾ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತೀರಾ, ಬಸುರಿಯಾ. ತಲೆಗೆ ಪೆಟ್ಟಾದವನು ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವನಾದರೆ ಚಿಕ್ಕ ಪೆಟ್ಟೂ ಸ್ಕ್ಯಾನಿಗೆ ಹೋಗಬೇಕು. ಆದರೆ ಹೃದಯದ ಕಾಯಿಲೆ ಇರುವ ಸಂಗತಿ ಮೇಲಿನವನ ಕಿವಿಗೆ ಬೀಳಲಿ ಎಂದು ಯಾರು ಬಯಸುತ್ತಾರೆ? ಅದಕ್ಕೆ ನನ್ನ ತಂಗಿ ಇವನ್ನೆಲ್ಲ ಕೇಳುವ ಮುಂಚೆ ಸ್ಪೀಕರ್ ಆರಿಸಿ ಅನ್ನುತ್ತಾಳೆ. ಸೂಪರ್‌ವೈಸರ್ ಅತ್ತ ಹೋದ ಮೇಲೆ ಧ್ವನಿಯೇ ಬದಲಾಗುತ್ತದಂತೆ. ಇಲ್ಲ ಇಲ್ಲ ಅಂದವನೇ, ಹೌದು ಸಿಸ್ಟರ್, ಸ್ವಲ್ಪ ತಲೆ ತಿರುಗಿತು, ಎರಡು ಸಲ ವಾಂತಿ ಆಯಿತು ಅನ್ನುತ್ತಾನೆ.

ಭಾಷೆಯದಂತೂ ಕೇಳಲೇಬೇಡಿ. ಅಲ್ಲಿನ ಮಾಂಸದ ಕಾರ್ಖಾನೆ, ಗೋದಾಮು, ತೋಟಗಳಲ್ಲಿ ದುಡಿಯುವ ಎಷ್ಟೋ ಬಾಯಿಗಳಲ್ಲಿ ಇಂಗ್ಲಿಷ್ ಓಡುವುದಿಲ್ಲ. ಸ್ಪ್ಯಾನಿಷಿಗೆ, ಇನ್ನೊಂದಕ್ಕೆ ಮೂರನೆಯವರನ್ನು ಲೈನಿಗೆ ಸೇರಿಸಿಕೊಳ್ಳುತ್ತಾರೆ. ಇದನ್ನು ಕೇಳುವಾಗ ನಾನು ನಮ್ಮ ಮಾತನ್ನೇ ಯೋಚಿಸುತ್ತಿದ್ದೆ. ಕೈ ಜೋಮು ಹಿಡಿದಿದೆ ಎಂದರೆ ಜುಮುಜುಮು ಅನ್ನುತ್ತಿದೆ ಅಂತಲೋ, ಮುಟ್ಟಿದರೆ ಗೊತ್ತಾಗುತ್ತಿಲ್ಲ ಅಂತಲೋ? ವೈದ್ಯರಿಗೆ ಅವೆರಡೂ ಬೇರೆ. ಉರಿ, ಸೆಳೆತ, ಚುಚ್ಚು, ಕಿತ್ತು ತಿನ್ನುವ ನೋವು, ಮರಗಟ್ಟಿದ್ದು, ಒಂದೊಂದಕ್ಕೂ ಒಂದೊಂದು ದಾರಿ. ಧಾರವಾಡದ ಕಡೆಯವರು ಬ್ಯಾನಿ ಅಂದರೆ ಮೈಸೂರಿನ ಹುಡುಗಿಗೆ ಕಾಯಿಲೆಯೋ ನೋವೋ ತಿಳಿಯದು. ತಲಿ ತಿರಗತೈತಿ, ಕಣ್ಣು ಕತ್ತಲೆ ಬಂತು, ಚಕ್ಕರ್ ಬಂತು, ಇವು ಮೂರೂ ಒಂದೇ ಅಲ್ಲ. ಹುಬ್ಬಳ್ಳಿಯಲ್ಲಿ ಶುರುವಾದ ನಮ್ಮ 104 ಆರೋಗ್ಯವಾಣಿಯಲ್ಲಿ ಕೂತವರು ಕೋಲಾರದಿಂದ ಬೀದರಿನವರೆಗಿನ ಈ ಎಲ್ಲ ನೋವುಗಳ ಹೆಸರು ಕಲಿಯಬೇಕಾಗಿ ಬಂದಿರುತ್ತದೆ. ಯಾರಾದರೂ ಅವರಿಂದ ಬರೆಸಿಕೊಂಡರೆ ಒಳ್ಳೆಯದೊಂದು ನಿಘಂಟಾದೀತು.

ನಮ್ಮಲ್ಲಿ ಕಾರ್ಖಾನೆಯ ಗಾಯಕ್ಕೆಂದೇ ಇಂಥದ್ದೊಂದು ಫೋನು ಇಲ್ಲ. 108 ಇದೆ, ಅದು ಆಂಬುಲೆನ್ಸಿಗೆ. 104 ಇದೆ, ಅದು ಊರಿನ ಎಲ್ಲ ಪ್ರಶ್ನೆಗಳಿಗೆ. 2020ರ ಮಾರ್ಚಿನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಬರೆದಿರುವುದು ನೋಂದಾಯಿತ ವೈದ್ಯರಿಗೆ. ನರ್ಸು ತನ್ನ ಬುದ್ಧಿಯಿಂದ ಫೋನಿನಲ್ಲಿ ದಾರಿ ತೋರಿಸುವುದಕ್ಕೆ ಅಲ್ಲಿ ಜಾಗ ಕೊಟ್ಟಿಲ್ಲ. 1948ರ ಕಾರ್ಖಾನೆ ಕಾಯ್ದೆ ಹೇಳಿದ್ದು 150 ಜನಕ್ಕೊಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, 500 ದಾಟಿದರೆ ಆಂಬುಲೆನ್ಸ್ ಕೋಣೆ. ಹತ್ತು ಹದಿನೈದು ಜನರ ಶೆಡ್ಡುಗಳಲ್ಲಿ ಪೆಟ್ಟಿಗೆಯ ಬೀಗದ ಕೈ ಸೂಪರ್‌ವೈಸರನ ಜೇಬಿನಲ್ಲಿ, ಒಳಗೆ ಒಣಗಿದ ಟಿಂಚರ್ ಬಾಟಲಿ. ಗಾಯದ ಲೆಕ್ಕದ ಒತ್ತಡ ನಮ್ಮಲ್ಲೂ ಇದೆ, ಆದರೆ ಬೇರೆ ರೂಪದಲ್ಲಿ. 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಕೆಲಸಕ್ಕೆ ಬರಲಾಗದಂಥ ಗಾಯವನ್ನು ಇನ್‌ಸ್ಪೆಕ್ಟರಿಗೆ ತಿಳಿಸಬೇಕು ಎಂದಿತ್ತು. ಕೈಗೆ ಬ್ಯಾಂಡೇಜ್ ಸುತ್ತಿಕೊಂಡು ಗೇಟಿನ ಬಳಿ ಸ್ಟೂಲ್ ಹಾಕಿ ಕೂತ ಮನುಷ್ಯನನ್ನು ನೀವೂ ನೋಡಿರಬಹುದು. ಹಾಜರಿ ಪುಸ್ತಕದಲ್ಲಿ ಅವನು ಹಾಜರು.

ಇಎಸ್‌ಐ ಇದ್ದವನಿಗೆ ಕಾಗದದ ಮೇಲೆ ಎಲ್ಲವೂ ಚೆನ್ನಾಗಿದೆ. ಸಂಬಳ ತಿಂಗಳಿಗೆ 21,000 ರೂಪಾಯಿಯೊಳಗಿದ್ದರೆ ಮಾಲೀಕ ಶೇ 3.25, ಕಾರ್ಮಿಕ ಶೇ 0.75 ಕಟ್ಟುತ್ತಾರೆ, ಕೆಲಸದಲ್ಲಿ ಪೆಟ್ಟಾದರೆ ಚಿಕಿತ್ಸೆ ಪೂರ್ತಿ, ಗುಣವಾಗುವವರೆಗೆ ಸಂಬಳದ ಶೇ 90. ಗುರುಗ್ರಾಮ, ಮಾನೇಸರ್ ಕಡೆಯ ವಾಹನ ಬಿಡಿಭಾಗಗಳ ಕಾರ್ಖಾನೆಗಳಲ್ಲಿ ಬೆರಳು ಕಳೆದುಕೊಂಡವರ ನಡುವೆ ಕೆಲಸ ಮಾಡುವ ಸೇಫ್ ಇನ್ ಇಂಡಿಯಾ ಸಂಸ್ಥೆ 2019ರಿಂದ 'ಕ್ರಷ್ಡ್' ಎಂಬ ವರದಿಗಳನ್ನು ತರುತ್ತಿದೆ. ಅದರಲ್ಲಿ ಮತ್ತೆ ಮತ್ತೆ ಬರುವ ಸಂಗತಿ: ಎಷ್ಟೋ ಮಂದಿಗೆ ಇಎಸ್‌ಐ ಕಾರ್ಡು ಕೈಗೆ ಬಂದದ್ದೇ ಬೆರಳು ಹೋದ ಮೇಲೆ. ಅಮೆರಿಕದಲ್ಲಿ ಗಾಯವನ್ನು ಪುಸ್ತಕದಿಂದ ಹೊರಗಿಡಲು ನೋಡುತ್ತಾರೆ. ಇಲ್ಲಿ ಮನುಷ್ಯನನ್ನೇ ಹೊರಗಿಟ್ಟಿರುತ್ತಾರೆ, ಗಾಯವಾದ ಮೇಲೆ ಒಳಗೆ ಕರೆದುಕೊಳ್ಳುತ್ತಾರೆ.

ಪತ್ರಿಕೆಗೆ ಬರುವ ಮುಂಚೆ ನಾನು ಪೀಣ್ಯದ ಒಂದು ಶೆಡ್ಡಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ನಾಲ್ಕು ಪವರ್ ಪ್ರೆಸ್ಸು, ಎರಡು ಲೇತು. ಒಂದು ಮಧ್ಯಾಹ್ನ ಪ್ರೆಸ್ಸಿನ ಹೆಲ್ಪರ್ ಹುಡುಗನ ಬೆರಳು ಹೋಯಿತು. ಸದ್ದಿಗೆ ನಾವೆಲ್ಲ ಓಡಿದೆವು. ಯಾರೋ ಕೈಗೆ ಕಾಟನ್ ವೇಸ್ಟ್ ಒತ್ತಿ ಹಿಡಿದರು. ಇನ್ನೊಬ್ಬರು ಕ್ಯಾಂಟೀನಿನಿಂದ ಕಾಫಿಪುಡಿ ತಂದರು. ಬೆರಳು ಡೈ ಪಕ್ಕದಲ್ಲಿ ಬಿದ್ದಿತ್ತು. ಐಸ್‌ನಲ್ಲಿ ಇಟ್ಟರೆ ಡಾಕ್ಟರು ಜೋಡಿಸುತ್ತಾರೆ ಎಂದು ನಮ್ಮಲ್ಲಿ ಒಬ್ಬನಿಗೆ ಗೊತ್ತಿತ್ತು. ನಾನೇ ಓಡಿದ್ದು. ರಸ್ತೆಯ ಆಚೆ ಕಬ್ಬಿನ ಹಾಲಿನ ಗಾಡಿ ಇತ್ತು; ಗೋಣಿಚೀಲದ ಕೆಳಗಿದ್ದ ಐಸ್ ಗಡ್ಡೆಯನ್ನು ಅವನು ಕಬ್ಬು ಸವರುವ ಕತ್ತಿಯಲ್ಲೇ ಒಡೆದುಕೊಟ್ಟ, ದುಡ್ಡು ಬೇಡ ಎಂದ. ಸ್ಟೀಲ್ ಲೋಟದಲ್ಲಿ ಐಸ್ ತುಂಬಿ, ನಡುವೆ ಬೆರಳಿಟ್ಟು, ಮೇಲೆ ಮತ್ತೆ ಐಸ್ ಹಾಕಿದೆವು. ಆಸ್ಪತ್ರೆಯಲ್ಲಿ ಲೋಟ ನೋಡಿದ ಡಾಕ್ಟರು ಏನೂ ಬಯ್ಯಲಿಲ್ಲ. ಐಸಿಗೆ ನೇರ ತಾಗಿ ಮಾಂಸ ಸತ್ತಿದೆ, ಇನ್ನು ಜೋಡಿಸಲು ಬರುವುದಿಲ್ಲ ಎಂದರು. ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಆ ಕವರನ್ನು ಐಸಿನ ಮೇಲೆ ಇಡಬೇಕಿತ್ತಂತೆ. ಅಷ್ಟೇ ವ್ಯತ್ಯಾಸ. ಕವರು ಕಬ್ಬಿನ ಹಾಲಿನವನ ಗಾಡಿಯಲ್ಲೇ ನೇತಾಡುತ್ತಿತ್ತು.

ಮೂವತ್ತು ವರ್ಷದ ಮೇಲೆ ತಂಗಿಗೆ ಇದನ್ನು ಹೇಳಿದೆ. ಅಯ್ಯೋ ಪಾಪ ಅನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ತಟ್ಟೆಯಿಂದ ಕೈ ಎತ್ತಿ, ಫೋನಿನಲ್ಲಿ ಕೂತ ಧ್ವನಿಯಲ್ಲೇ ಕೇಳತೊಡಗಿದಳು. ಯಾವ ಬೆರಳು? ಯಾವ ಗಿಣ್ಣಿನ ಹತ್ತಿರ? ನೇರವಾಗಿ ಕತ್ತರಿಸಿತ್ತೋ ಜಜ್ಜಿತ್ತೋ? ಆಸ್ಪತ್ರೆಗೆ ಮುಟ್ಟುವಾಗ ಎಷ್ಟು ಹೊತ್ತಾಗಿತ್ತು? ತೋರುಬೆರಳು ಎಂದೆ. ಬುಡದ ಹತ್ತಿರ. ಮುಕ್ಕಾಲು ಗಂಟೆ ಇರಬೇಕು.

"ಯಾವ ಕೈ ಅಣ್ಣಾ, ಬಲಗೈಯಾ ಎಡಗೈಯಾ?"

ನಾನು ಎಷ್ಟು ಯೋಚಿಸಿದರೂ ಲೋಟ ಕಾಣುತ್ತಿತ್ತು, ಐಸ್ ಕಾಣುತ್ತಿತ್ತು, ಕೈ ಕಾಣಲಿಲ್ಲ.